ಅಂಗಳದ ಸೌದೆ ಬಾಯ್ಲರಿನಿಂದ ಈಜುಕೊಳ ಬಿಸಿ ಮಾಡುವುದು ಹೇಗೆ?

ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್ ಕಡೆಯ ಚಳಿ ಊರುಗಳಲ್ಲಿ ಮನೆ ಬೆಚ್ಚಗಿಡಲು ಅಂಗಳದಲ್ಲಿ ಸೌದೆ ಬಾಯ್ಲರ್ (ಸೌದೆ ಉರಿಸಿ ನೀರು ಕಾಯಿಸಿ ಪೈಪಿನಲ್ಲಿ ಮನೆಗೆ ಹರಿಸುವ ಒಲೆ) ಇರುತ್ತದಲ್ವಾ, ಅದನ್ನೇ ಈಜುಕೊಳಕ್ಕೂ ಬಳಸಬಹುದು.

ಆದರೆ ಕೊಳದ ನೀರನ್ನು ಬಾಯ್ಲರಿನೊಳಗೆ ಬಿಡಲೇಬೇಡಿ, ಕ್ಲೋರಿನ್ ಉಕ್ಕನ್ನು ತಿಂದುಹಾಕುತ್ತದೆ. ನಡುವೆ ಹೀಟ್ ಎಕ್ಸ್‌ಚೇಂಜರ್ ಬೇಕು. ಒಂದು ಕಡೆ ಬಾಯ್ಲರಿನ ಸುಮಾರು 80 ಡಿಗ್ರಿ ನೀರು, ಇನ್ನೊಂದು ಕಡೆ ಕೊಳದ ನೀರು ಹರಿಯುತ್ತದೆ, ಎರಡೂ ಬೆರೆಯದೆ ಶಾಖ ಮಾತ್ರ ದಾಟುತ್ತದೆ. ಉಪ್ಪುನೀರಿನ ಕೊಳವಾದರೆ ಟೈಟೇನಿಯಂನದ್ದೇ ತಗೊಳ್ಳಿ (ದುಬಾರಿ, ನಿಜ). ಫಿಲ್ಟರ್ ಆದ ಮೇಲೆ, ನೀರಿಗೆ ಕ್ಲೋರಿನ್ ಸೇರಿಸುವ ಕ್ಲೋರಿನೇಟರ್‌ಗಿಂತ ಮೊದಲು ಕೂರಿಸಿ.

ಬಾಯ್ಲರ್ ಕಡೆಯ ಪಂಪಿಗೆ ಥರ್ಮೋಸ್ಟಾಟ್ ಹಾಕಿ, ಕೊಳದ ನೀರು 28 ಡಿಗ್ರಿ ಆದಾಗ ಆ ಪಂಪು ತಾನೇ ನಿಲ್ಲಲಿ. ಕೊಳದ ಪಂಪ್ ನಿಂತರೆ ಇದೂ ನಿಲ್ಲಬೇಕು, ಇಲ್ಲದಿದ್ದರೆ ಪಿವಿಸಿ ಪೈಪು ಮೆತ್ತಗಾಗುತ್ತದೆ. ಬಾಯ್ಲರಿಗೆ ವಾಪಸ್ ಬರುವ ನೀರು 60 ಡಿಗ್ರಿಗಿಂತ ತಣ್ಣಗಾದರೆ ಒಲೆಯೊಳಗೆ ಟಾರು ಕಟ್ಟಿ ತುಕ್ಕು ಹಿಡಿಯುತ್ತದೆ, ಅದಕ್ಕೆ ವಾಪಸ್ ನೀರಿಗೆ ಬಿಸಿನೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿ.

ಸೌದೆ ಎಷ್ಟು ಬೇಕು? 50,000 ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 58 ಯೂನಿಟ್ (ಕಿಲೋವ್ಯಾಟ್ ಅವರ್) ಶಾಖ ಬೇಕು, ಅಂದರೆ ಒಣ ಸೌದೆ ಹೆಚ್ಚುಕಡಿಮೆ 25 ಕಿಲೋ, ಹಸಿ ಸೌದೆಯಾದರೆ ಇನ್ನೂ ಜಾಸ್ತಿ, ಹೊಗೆ ಬೇರೆ. ರಾತ್ರಿ ಕೊಳಕ್ಕೆ ಹೊದಿಕೆ ಹಾಕದಿದ್ದರೆ ಆವಿಯಾಗಿಯೇ ಬಹಳಷ್ಟು ಶಾಖ ಸುಮ್ನೆ ಹೋಗುತ್ತದೆ.