ಅಕ್ಕನ ಚಿಕಿತ್ಸೆಗೆ ಸಿಂಗಪುರಕ್ಕೆ ಹಣ ಕಳಿಸಿದ ಬಗೆ

ಮುಂಬಯಿಯ ಫೋರ್ಟಿನಲ್ಲಿ ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ 22 ವರ್ಷ ಕುಳಿತು ಊರವರ ಹಣವನ್ನೆಲ್ಲ ಹೊರದೇಶಕ್ಕೆ ಕಳಿಸಿದವನು ನಾನು. ಆದರೆ ಮಾಟುಂಗದಲ್ಲಿರುವ ಅಕ್ಕನ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆಂದು 2025ರ ಮಾರ್ಚಿನಲ್ಲಿ ಕೌಂಟರಿನ ಈಚೆ ನಿಂತಾಗಲೇ ಆ ಕಾಗದಗಳ ನಿಜವಾದ ಭಾರ ತಿಳಿದದ್ದು. ಮುಂಬಯಿಯಲ್ಲಿ ಶಸ್ತ್ರವೈದ್ಯರಿಗೆ ಬರವೇ ಎಂದು ನಾನು ವಾದಿಸಿದ್ದುಂಟು. ಆರೈಕೆಗೆ ಅಕ್ಕನ ಮಗ ಸೊಸೆ ಇಬ್ಬರೂ ಸಿಂಗಪುರದಲ್ಲಿರುವಾಗ ಆ ವಾದ ನಿಲ್ಲಲಿಲ್ಲ.

ಅಕ್ಕನ ಮೆಡಿಕ್ಲೇಮ್ ಪಾಲಿಸಿ ಭಾರತದ ಆಸ್ಪತ್ರೆಗಳಿಗಷ್ಟೇ ಅನ್ವಯಿಸುತ್ತಿತ್ತು. ಪ್ರವಾಸದ ವಿಮೆಯಾದರೋ ದಾರಿಯಲ್ಲಿ ಹಠಾತ್ತನೆ ಬರುವ ಕಾಯಿಲೆಗೆ ಮೀಸಲು. ಮೊದಲೇ ಗೊತ್ತುಮಾಡಿಕೊಂಡು ಹೋಗುವ ಶಸ್ತ್ರಚಿಕಿತ್ಸೆಯನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೀಗಾಗಿ ಪೂರ್ತಿ ಹಣ ಕೈಯಿಂದಲೇ ಹೋಗಬೇಕಿತ್ತು.

ಆಸ್ಪತ್ರೆಯ ಎಸ್ಟಿಮೇಟ್ 57,000 ಸಿಂಗಪುರ ಡಾಲರ್ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಅಲ್ಲಿನ ಶೇ. 9ರ ಜಿಎಸ್‌ಟಿ ಪ್ರತ್ಯೇಕ ಎಂದಿದ್ದುದನ್ನು ಭಾವ ಗಮನಿಸಿರಲಿಲ್ಲ. ಅದನ್ನೂ ಸೇರಿಸಿದರೆ ಅಂದಿನ ದರದಲ್ಲಿ ಸುಮಾರು 40 ಲಕ್ಷ ರೂಪಾಯಿ. ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಯೋಜನೆಯಾದ ಎಲ್‌ಆರ್‌ಎಸ್ ಅಡಿಯಲ್ಲಿ ಒಬ್ಬ ನಿವಾಸಿ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಅಮೆರಿಕನ್ ಡಾಲರ್‌ವರೆಗೆ ಕಳಿಸಬಹುದಾದ್ದರಿಂದ ಮಿತಿಯ ಚಿಂತೆ ಇರಲಿಲ್ಲ, ಚಿಂತೆಯಿದ್ದದ್ದು ಹಣ ಕಳಿಸುವಾಗಲೇ ಬ್ಯಾಂಕು ವಸೂಲುಮಾಡುವ ತೆರಿಗೆಯಾದ ಟಿಸಿಎಸ್‌ನದು. ಆ ವರ್ಷ ಚಿಕಿತ್ಸೆಗೆಂದು ಒಬ್ಬರು 7 ಲಕ್ಷದ ಮೇಲೆ ಕಳಿಸುವ ಹಣಕ್ಕೆ ಬ್ಯಾಂಕು ಶೇ. 5ರಷ್ಟು ಹಿಡಿಯುತ್ತಿತ್ತು. ಏಪ್ರಿಲ್ 1ರಿಂದ ಆ 7 ಲಕ್ಷ 10 ಲಕ್ಷವಾಗುವುದಿತ್ತು. ಇಡೀ ಮೊತ್ತವನ್ನು ಮಾರ್ಚಿನಲ್ಲೇ ಅಕ್ಕನ ಖಾತೆಯಿಂದ ಕಳಿಸಿದ್ದರೆ 1,65,000 ರೂಪಾಯಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ರಿಟರ್ನ್ ಸಲ್ಲಿಸಿದಾಗ ಅದು ತೆರಿಗೆಯಲ್ಲಿ ಹೊಂದಾಣಿಕೆಯಾಗುವುದೋ ಮರಳುವುದೋ ಆಗುತ್ತದೆ, ನಿಜ. ಆದರೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಕೈಯಲ್ಲಿರಬೇಕಾದ ದುಡ್ಡು ಅದು. ಆದ್ದರಿಂದ ಮುಂಗಡವಾಗಿ 15 ಲಕ್ಷವನ್ನು ಮಾರ್ಚಿನಲ್ಲಿ ಅಕ್ಕನ ಖಾತೆಯಿಂದ ಕಳಿಸಿ, ಏಪ್ರಿಲ್‌ನಲ್ಲಿ ಅಕ್ಕನ ಖಾತೆಯಿಂದ 10 ಲಕ್ಷ, ಭಾವನ ಖಾತೆಯಿಂದ 15 ಲಕ್ಷ ಎಂದು ಹಂಚಿದೆವು. ಟಿಸಿಎಸ್ ಒಟ್ಟು 65,000ಕ್ಕೆ ನಿಂತಿತು.

ಎಡವಟ್ಟಾಗಬೇಕಿದ್ದದ್ದು ಹೊರದೇಶಕ್ಕೆ ಹಣ ಕಳಿಸಲು ತುಂಬಬೇಕಾದ ಎ2 ಫಾರ್ಮಿನಲ್ಲಿ. ಕೌಂಟರಿನ ಹುಡುಗ ತಾನೇ ತುಂಬಿಕೊಟ್ಟ ಫಾರ್ಮಿಗೆ ಅಕ್ಕ ಸಹಿ ಹಾಕಲು ಪೆನ್ನು ಎತ್ತಿದ್ದಳು. ಉದ್ದೇಶದ ಕೋಡ್ ಇರುವ ಚೌಕದಲ್ಲಿ ಎಸ್1301 ಎಂದಿದ್ದುದು ನನ್ನ ಕಣ್ಣಿಗೆ ಬಿತ್ತು. ಅದು ಕುಟುಂಬ ನಿರ್ವಹಣೆಯ ಕೋಡ್, ಚಿಕಿತ್ಸೆಯದು ಎಸ್0304. ಕುಟುಂಬ ನಿರ್ವಹಣೆಯೆಂದಾದರೆ ಟಿಸಿಎಸ್ ಶೇ. 20, ಅಂದರೆ ಆ ಒಂದು ಕಂತಿನಲ್ಲೇ 40,000ದ ಬದಲು 1,60,000. ಹುಡುಗನನ್ನು ಬೈಯುವ ಮನಸ್ಸಾಗಲಿಲ್ಲ, ಮಾರ್ಚ್ ಕೊನೆಯ ವಾರದ ಕೌಂಟರ್ ಹೇಗಿರುತ್ತದೆಂದು ನನಗೆ ಗೊತ್ತು. ಹೊಸ ಫಾರ್ಮ್ ಕೇಳಿ ಪಡೆದು ನಾನೇ ತುಂಬಿದೆ.

ತಪ್ಪು ಮಾಡಿದ್ದು ಆಮೇಲೆ ನಾನೇ. ಬ್ಯಾಂಕ್ ಶುಲ್ಕ ಯಾರದೆಂಬ ಜಾಗದಲ್ಲಿ ಅಭ್ಯಾಸಬಲದಿಂದ ಇಬ್ಬರೂ ಹಂಚಿಕೊಳ್ಳುವ ‘ಎಸ್‌ಎಚ್‌ಎ’ಗೆ ಗುರುತು ಹಾಕಿದ್ದೆ. ನಡುವಿನ ಬ್ಯಾಂಕು ತನ್ನ ಪಾಲು ಮುರಿದುಕೊಂಡಿತು. ಮುಂಗಡದಲ್ಲಿ 25 ಡಾಲರ್ ಕಡಿಮೆಯಿದೆ, ದಾಖಲಾತಿ ಖಚಿತವಾಗಿಲ್ಲ ಎಂದು ಆಸ್ಪತ್ರೆಯಿಂದ ಇಮೇಲ್ ಬಂತು. ಕಡಿಮೆಬಿದ್ದ ಆ 25 ಡಾಲರನ್ನು ಅಕ್ಕನ ಮಗನೇ ಹೋಗಿ ಕಟ್ಟಿದ. ಮುಂದಿನ ಎರಡು ಕಂತುಗಳಿಗೆ ಪೂರ್ತಿ ಶುಲ್ಕ ನಮ್ಮದೇ ಎನ್ನುವ ‘ಒಯುಆರ್’ ಆರಿಸಿದೆ. ಭಾವನ ಹೆಸರಿನಿಂದ ಹೋಗುವ ಹಣ ಅಕ್ಕನ ಲೆಕ್ಕಕ್ಕೇ ಸೇರಲೆಂದು ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಸ್ವಿಫ್ಟ್ ಸಂದೇಶದಲ್ಲಿ ವಿವರಣೆಗೆ ಮೀಸಲಾದ ಕಾಲಂನಲ್ಲಿ ಅಕ್ಕನ ಹೆಸರು ಮತ್ತು ಆಸ್ಪತ್ರೆಯ ರೋಗಿ ಸಂಖ್ಯೆಯನ್ನು ಬರೆಸಿ, ಸಂದೇಶದ ಪ್ರತಿಯನ್ನು ಅದೇ ದಿನ ಆಸ್ಪತ್ರೆಗೆ ಕಳಿಸಿದೆ.

ಕೈಖರ್ಚಿಗೆ ವಿದೇಶಿ ಹಣ ತುಂಬಿಟ್ಟುಕೊಳ್ಳುವ ಫಾರೆಕ್ಸ್ ಕಾರ್ಡ್ ಮಾಡಿಸಿದೆವು, ನೋಟು ಸ್ವಲ್ಪವೇ ಒಯ್ದರು. ಭಾವನ ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ಬಳಕೆ ಬಂದ್ ಆಗಿತ್ತು. ಹೊರಡುವ ಮುನ್ನ ಆ್ಯಪ್‌ನಲ್ಲಿ ಅದನ್ನು ತೆರೆದು, ಆಪತ್ತಿಗೆ ಮಾತ್ರ ಎಂದು ಹೇಳಿ ಕೊಟ್ಟೆ.

ಅಂತಿಮ ಬಿಲ್ ಎಸ್ಟಿಮೇಟಿಗಿಂತ 1,900 ಡಾಲರ್ ಕಡಿಮೆಯಾಯಿತು. ಉಳಿದ ಹಣವನ್ನು ಆಸ್ಪತ್ರೆ ಭಾವನ ಖಾತೆಗೇ ಹಿಂತಿರುಗಿಸಿತು. ಮರುದಿನ ಬ್ಯಾಂಕಿನಿಂದ ಫೋನ್ ಬಂತು: ಹೊರದೇಶದಿಂದ ಹಣ ಬಂದಿದೆ, ಯಾವ ಉದ್ದೇಶದ್ದೆಂದು ಬರೆದುಕೊಡಿ. ಭಾವ ಫೋನನ್ನು ನನ್ನ ಕೈಗೆ ಕೊಟ್ಟರು.