ಸಹಿ ಯಾರದ್ದು?

ನಾನು ಕಾರ್ಯದರ್ಶಿಯಾದಾಗ ನಮ್ಮ ಯುವ ಸಂಘಟನೆಯ ಅಧ್ಯಕ್ಷರಿಗೆ ನಲವತ್ತು ದಾಟಿತ್ತು. ವಿಶ್ವಸಂಸ್ಥೆಯ ಅಂಕಿಅಂಶದಲ್ಲಿ ಯುವಜನರೆಂದರೆ 15ರಿಂದ 24 ವರ್ಷದವರು. ಭದ್ರತಾ ಮಂಡಳಿಯ 2015ರ 2250ನೇ ನಿರ್ಣಯದಲ್ಲಿ 18ರಿಂದ 29. ಎರಡರಲ್ಲಿ ಯಾವ ಲೆಕ್ಕ ಹಿಡಿದರೂ ನಮ್ಮ ಪದಾಧಿಕಾರಿಗಳು ಹೊರಗೇ ಉಳಿಯುತ್ತಿದ್ದರು. ಹುಡುಗ ಹುಡುಗಿಯರ ಪಾಲಿಗೆ ಬ್ಯಾನರ್ ಕಟ್ಟುವುದು, ಕುರ್ಚಿ ಜೋಡಿಸುವುದು, ತಪ್ಪಿದರೆ ಸ್ವಾಗತ ಭಾಷಣ.

ಮಕ್ಕಳ ಪಾಲ್ಗೊಳ್ಳುವಿಕೆಯ ಬಗ್ಗೆ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದಾಗ ಎಂಟು ಮೆಟ್ಟಿಲಿನ ಏಣಿಯೊಂದನ್ನು ತೋರಿಸಿದ್ದರು. ಕೆಳಗಿನ ಮೂರು ಮೆಟ್ಟಿಲು, ಅಂದರೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಸೇರಿಸಿಕೊಳ್ಳುವುದು, ಇವನ್ನು ಅವರು ಪಾಲ್ಗೊಳ್ಳುವಿಕೆ ಎಂದೇ ಒಪ್ಪಲಿಲ್ಲ. ನಾವಿದ್ದದ್ದು ಅಲ್ಲೇ.

ನಾಯಕತ್ವ ಶಿಬಿರ ಮಾಡೋಣ ಅಂದರು ಹಿರಿಯರು. ಶಿಬಿರದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಪ್ರಮಾಣಪತ್ರ ಸಿಗುತ್ತದೆ, ಅಧಿಕಾರ ಸಿಗುವುದಿಲ್ಲ. ನಾನು ದುಡ್ಡಿನಿಂದ ಶುರು ಮಾಡಿದೆ. ಬ್ಯಾಂಕ್ ಖಾತೆಯ ಜಂಟಿ ಸಹಿಯಲ್ಲಿ ಒಂದು ಸಹಿ ಹೊಸ ಖಜಾಂಚಿಯದ್ದಾಗಬೇಕು, ಆ ಖಜಾಂಚಿ ಕಿರಿಯ ಸದಸ್ಯರಲ್ಲೊಬ್ಬರಾಗಿರಬೇಕು ಅಂತ ನಿರ್ಣಯ ಮಾಡಿಸಿದೆ. ಬ್ಯಾಂಕಿನಲ್ಲಿ ಸಹಿ ಹಾಕುವ ವಯಸ್ಸಾಗದವರಿಗೆ ಕೈಖರ್ಚಿನ ಲೆಕ್ಕ ಬಿಟ್ಟುಕೊಟ್ಟೆವು.

ಆಯ್ಕೆಯಾದವಳು ಮೆಲುದನಿಯ ಹುಡುಗಿ. ಕಾರ್ಯಕಾರಿ ಸಮಿತಿ ಸಭೆಯಲ್ಲಿ ಹಿರಿಯರೊಬ್ಬರು ಪ್ರಯಾಣದ ಖರ್ಚನ್ನು ಚೀಟಿಯಲ್ಲಿ ಬರೆದು ಅವಳ ಮುಂದೆ ತಳ್ಳಿದರು. ಅವಳು ಚೀಟಿ ತಿರುಗಿಸಿ ನೋಡಿದಳು.

"ಅಣ್ಣಾ, ರಸೀದಿ?"

"ನಾನು ಹೇಳ್ತಿದೀನಲ್ಲಮ್ಮಾ."

"ಆಡಿಟ್‌ನಲ್ಲಿ ನಿಮ್ಮನ್ನ ಕೇಳಲ್ಲ ಅಣ್ಣಾ, ನನ್ನ ಕೇಳ್ತಾರೆ."

ಎಲ್ಲರೂ ನನ್ನ ಮುಖ ನೋಡಿದರು. ನಾನು ನಡಾವಳಿ ಪುಸ್ತಕದಲ್ಲಿ 'ರಸೀದಿ ಬಂದ ಮೇಲೆ ಪಾವತಿ' ಎಂದು ಬರೆದುಕೊಂಡು ಮುಂದಿನ ವಿಷಯಕ್ಕೆ ಹೋದೆ. ಮುಂದಿನ ಸಭೆಗೆ ರಸೀದಿ ಬಂತು. ಆಮೇಲೆ ಅವಳನ್ನು ಯಾರೂ 'ಪಾಪು' ಅಂತ ಕರೆಯಲಿಲ್ಲ!

ಅಜೆಂಡಾ ತಯಾರಿಸುವುದನ್ನೂ ಕಿರಿಯರಿಗೇ ವಹಿಸಿದೆವು. ಯಾವುದನ್ನು ಚರ್ಚಿಸಬೇಕು ಎಂದು ತೀರ್ಮಾನಿಸುವವರ ಕೈಯಲ್ಲೇ ಅರ್ಧ ಸಭೆ ಇರುತ್ತದೆ. ಹಿರಿಯರು ಕೊನೆಗೆ ಮಾತಾಡಬೇಕು ಅಂತಲೂ ನಿಯಮ ಮಾಡಿದೆವು. ಅವರು ಮೊದಲೇ ಬಾಯಿ ಬಿಟ್ಟರೆ ಉಳಿದವರೆಲ್ಲ ತಲೆ ಆಡಿಸುತ್ತಾರೆ. ಇದೇನೂ ಹೊಸ ಸಾಹಸವಲ್ಲ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಶಿಬಿರದಲ್ಲೇ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಹುಡುಗರನ್ನು ಸಣ್ಣ ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡಕ್ಕೂ ಅವರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿದ್ದರು.

ಜಟಾಪಟಿ ನಡೆದದ್ದು ಬೈಲಾ ತಿದ್ದುಪಡಿಯಲ್ಲಿ. ಹುದ್ದೆಗೆ ಎರಡು ವರ್ಷ, ಮತ್ತೆ ಅದೇ ಹುದ್ದೆ ಇಲ್ಲ ಅಂದಾಗ "ಅನುಭವ ಎಲ್ಲಿಂದ ಬರುತ್ತೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕಿರಿಯರು ಪರೀಕ್ಷೆ, ಕೆಲಸ, ಮದುವೆ ಅಂತ ಹೊರಟುಬಿಡುತ್ತಾರೆ. ಜೊತೆಗೆ ಪಾಸ್‌ವರ್ಡೂ ಹೊರಟುಹೋಗುತ್ತದೆ. ಅದಕ್ಕೇ ಪ್ರತಿ ಹುದ್ದೆಗೂ ಒಬ್ಬ ಜೊತೆಗಾರನನ್ನು ಇಟ್ಟೆವು. ಕೊನೆಯ ಆರು ತಿಂಗಳು ಇಬ್ಬರೂ ಒಟ್ಟಿಗೆ ಕೂತು ಪಾಸ್‌ಬುಕ್, ಪಾಸ್‌ವರ್ಡ್, ದೂರವಾಣಿ ಸಂಖ್ಯೆಗಳು, ಬಾಕಿ ಪತ್ರಗಳು ಎಲ್ಲವನ್ನೂ ಪಟ್ಟಿ ಮಾಡಿ ಒಪ್ಪಿಸಬೇಕು. ಸರ್ವಸದಸ್ಯರ ಸಭೆಯಲ್ಲಿ ತಿದ್ದುಪಡಿ ಪಾಸಾಯಿತು. ಅದರ ಪ್ರಕಾರ ಮೊದಲು ಹುದ್ದೆ ಬಿಟ್ಟವರಲ್ಲಿ ನಾನೂ ಒಬ್ಬ.

ಇನ್ನೂ ಬಗೆಹರಿಯದ ಸಂಗತಿಯೆಂದರೆ ಚುನಾವಣೆ. ಮೈಕ್ ಹಿಡಿದು ಚೆನ್ನಾಗಿ ಮಾತಾಡುವವರೇ ಗೆಲ್ಲುತ್ತಾರೆ, ಮೂಲೆಯಲ್ಲಿ ಕೂತು ಲೆಕ್ಕ ಸರಿಮಾಡುವವರು ಹಿಂದೆ ಉಳಿಯುತ್ತಾರೆ. ಸದ್ಯಕ್ಕೆ ತಿಂಗಳ ಸಭೆಯನ್ನು ಯಾರು ನಡೆಸಬೇಕೆಂದು ಚೀಟಿ ಎತ್ತುತ್ತಾರೆ.