ಸ್ಟ್ಯಾಂಪ್‌ನಲ್ಲೇ ವಾಟರ್‌ಕಲರ್ ಥರ ಬರಬೇಕು ಅಂದ್ರೆ
ಬರ್ತ್‌ಡೇ ಕಾರ್ಡ್ ಮನೇಲೇ ಮಾಡೋರು ಒಂದ್ಸಲ ಟ್ರೈ ಮಾಡಿ, ಸ್ಟ್ಯಾಂಪನ್ನ ಇಂಕ್ ಪ್ಯಾಡ್‌ಗೆ ಒತ್ತೋ ಬದಲು ವಾಟರ್ ಬೇಸ್ಡ್ ಬ್ರಷ್ ಪೆನ್ ತಗೊಂಡು ರಬ್ಬರ್ ಮೇಲೇನೇ ಬಣ್ಣ ಹಚ್ಚಿ (ಮಕ್ಕಳ ಸ್ಕೆಚ್ ಪೆನ್ನೂ ನಡೆಯತ್ತೆ), ಎಸಳಿಗೆ ಗುಲಾಬಿ, ಎಲೆಗೆ ಹಸಿರು ಹೀಗೆ, ತಿಳಿ ಬಣ್ಣ ಮೊದಲು ಹಚ್ಚಿ ಇಲ್ಲಾಂದ್ರೆ ಪೆನ್ ತುದಿ ಕೊಳೆಯಾಗತ್ತೆ, ಆಮೇಲೆ ಸ್ಪ್ರೇ ಬಾಟಲ್‌ನಿಂದ ಸ್ವಲ್ಪ ದೂರದಿಂದ ಒಂದೇ ಸಲ ತೆಳ್ಳಗೆ ನೀರು ಹೊಡೆದು ತಕ್ಷಣ ಕಾಗದಕ್ಕೆ ಒತ್ತಿ. ಈ ಇಂಕ್ ನೀರು ತಾಗಿದ್ರೆ ಮತ್ತೆ ಕರಗತ್ತೆ, ಅದಕ್ಕೆ ಪಕ್ಕಪಕ್ಕದ ಬಣ್ಣಗಳು ಅಂಚಲ್ಲಿ ಒಂದರೊಳಗೊಂದು ಹರಿದು ಕುಂಚದಲ್ಲಿ ಬರೆದ ಹಾಗೇ ಕಾಣತ್ತೆ. ಮತ್ತೆ ಬಣ್ಣ ಹಚ್ಚದೆ ಇನ್ನೊಂದ್ಸಲ ನೀರು ಹೊಡೆದು ಒತ್ತಿದ್ರೆ ಮಸುಕಾದ ಎರಡನೇ ಅಚ್ಚು ಸಿಗತ್ತೆ, ನಂಗಂತೂ ಅದೇ ಜಾಸ್ತಿ ಇಷ್ಟ, ಹಿನ್ನೆಲೆಗೆ ತುಂಬಾ ಚೆನ್ನಾಗಿರತ್ತೆ. ಕಾಗದ ಮಾತ್ರ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗೋ ದಪ್ಪನೆಯ) ವಾಟರ್‌ಕಲರ್ ಪೇಪರೇ ಇರಲಿ, ನುಣುಪಾಗಿರೋ ಕಡೆ ಒತ್ತಿ, ಮಾಮೂಲಿ ಎ4 ಶೀಟ್ ಸುಕ್ಕಾಗತ್ತೆ, ಗ್ಲಾಸಿ ಕಾರ್ಡ್ ಮೇಲೆ ಇಂಕ್ ಒಣಗದೆ ಜಾರತ್ತೆ. ಪರ್ಮನೆಂಟ್ ಮಾರ್ಕರ್‌ನಲ್ಲಿ ಇದು ಆಗಲ್ಲ, ಅದು ನೀರಿಗೆ ಬಿಡೋದೇ ಇಲ್ಲ. ಸಣ್ಣ ಗೆರೆಗಳ ಡಿಸೈನ್, ಅಕ್ಷರದ ಸ್ಟ್ಯಾಂಪ್‌ಗಳೂ ಬೇಡ, ಪೂರ್ತಿ ಕಲಸಿ ಹೋಗತ್ತೆ, ಹೂವು ಬಲೂನು ಎಲೆ ಥರ ತುಂಬಿದ ಆಕಾರವೇ ಸರಿ. ಶುಭಾಶಯ ಬರೆಯೋದನ್ನ ಕೊನೆಗಿಟ್ಕೊಳ್ಳಿ, ಪೂರ್ತಿ ಒಣಗಿದ ಮೇಲೆ ವಾಟರ್‌ಪ್ರೂಫ್ ಕಪ್ಪು ಇಂಕಲ್ಲಿ ಬರೀರಿ, ಮಳೆಗಾಲ ಆದ್ರೆ ರಾತ್ರಿ ಪೂರ್ತಿ ಒಣಗೋಕೆ ಬಿಡಿ.